ಮೊದಲ ಎಳೆತ

ವಿರಾಜಪೇಟೆಯಲ್ಲಿ, ಬೇಕರಿಯ ಮೇಲಿನ ನನ್ನ ಸ್ಟುಡಿಯೋದಲ್ಲಿ
ಹನ್ನೊಂದು ಡಿಸ್ಕು ಒಂದೇ ಪೆಟ್ಟಿಗೆಯೊಳಗೆ ತಿರುಗುತ್ತವೆ,
ಹತ್ತೊಂಬತ್ತು ವರ್ಷದ ಮದುವೆ, ನಾಮಕರಣ,
ಬೇಸಿಗೆಯ ಹಾಕಿ ಪಂದ್ಯಗಳು.
ತಿರುಗುತ್ತಿದ್ದವು ಅನ್ನಬೇಕು.

ಏಳನೆಯದು ಎರಡು ವರ್ಷದ ಹಿಂದೆಯೇ
ಟಿಕ್ ಟಿಕ್ ಅಂದು ಸುಮ್ಮನಾಯಿತು,
ಗಂಟಲಿಗೆ ಮೀನಿನ ಮುಳ್ಳು ಸಿಕ್ಕಿದವನ ಹಾಗೆ.
ಹೋಯಿತು ಅಂದೆ. ಮೇಲೊಂದು ಕೆಂಪು ಟೇಪು ಅಂಟಿಸಿದೆ.
ಈ ಮಾರ್ಚಿಗೆ ಮೂರರದ್ದೂ ಅದೇ ಚಾಳಿ, ಒಂಬತ್ತರದ್ದೂ.
ಬೆಳಿಗ್ಗೆ ಇದ್ದರೆ ಇದ್ದವು.

ಮೊಯ್ದು ಬಂದ. ಡಿಸ್ಕು ಮುಟ್ಟಲೇ ಇಲ್ಲ.
ಹಿಂದಿನ ಕರಿ ಡಬ್ಬಿ ಬಿಚ್ಚಿ ಅಂಗೈಯಲ್ಲಿ ತೂಗಿದ,
ಮೆಣಸಿನ ವ್ಯಾಪಾರಿ ಜೊಳ್ಳು ಕಾಳು ತೂಗುವಂತೆ.
"ಅಕ್ಕಾ, ಇದು ಹಗುರ."
ಮೇಲೆ ಚಿನ್ನದ ಅಕ್ಷರದಲ್ಲಿ ಐನೂರು ವಾಟ್.
ಅಡಿಯಲ್ಲಿ ಇರುವೆಯಂಥ ಅಕ್ಷರದಲ್ಲಿ
ಹನ್ನೆರಡು ವೋಲ್ಟಿನ ಸಾಲು: ಹದಿನಾಲ್ಕು ಆಂಪಿಯರ್.
"ಡಿಸ್ಕು ತಿರುಗೋದು ಈ ಸಾಲಿಂದ. ಮೇಲಿನದ್ದು ಬರೀ ಹೆಸರಿಗೆ."

ತಿರುಗುತ್ತಿರುವಾಗ ಅವಕ್ಕೆ ಅಷ್ಟು ಹಸಿವಿಲ್ಲವಂತೆ,
ಅರ್ಧ ಆಂಪಿಯರಿನಲ್ಲಿ ದಿನ ದೂಡುತ್ತವೆ.
ನಿಂತದ್ದು ಏಳುವಾಗ, ಆ ಏಳೆಂಟು ಸೆಕೆಂಡು,
ಒಂದೊಂದಕ್ಕೂ ಎರಡೆರಡು.
ನನಗೆ ಅರ್ಥವಾದದ್ದು ಲೆಕ್ಕದಿಂದಲ್ಲ.
ಹೂಮಳೆ ಕೈಕೊಟ್ಟ ವರ್ಷ, ರಾತ್ರಿ,
ತೋಟದ ಸ್ಪ್ರಿಂಕ್ಲರ್ ಮೋಟರು ಎದ್ದ ಗಳಿಗೆ
ಲೈನುಮನೆಗಳ ಬಲ್ಬೆಲ್ಲ ಕೆಂಪಗಾಗಿ
ಮತ್ತೆ ಬೆಳಗುತ್ತದಲ್ಲ,
ಆ ಎಳೆತ.

ವಯರಿಗೆ ಕವಲು, ಕವಲಿಗೆ ಇನ್ನೊಂದು ಕವಲು ಹಾಕಿ
ಏಳನ್ನು ತುದಿಯಲ್ಲಿ ಕೂರಿಸಿದವಳು ನಾನೇ.
ಮದುವೆಮನೆಯಲ್ಲಿ ವಿಡಿಯೋದವರಿಗೆ ಸಿಗುವ ಜಾಗ ಅದು,
ಹಂದಿಸಾರು ಮುಗಿದ ಮೇಲಿನ ಪಂಕ್ತಿ.
ನನಗೆ ಹೊಳೆಯಬೇಕಿತ್ತು.

"ಹಾಗಾದರೆ ಸಾವಿರದ್ದೇ ಹಾಕು" ಅಂದೆ.
"ಒಂದು ಮೂಟೆ ಗೊಬ್ಬರಕ್ಕೆ ಲಾರಿ ಯಾಕಕ್ಕಾ?"
ಬೇಕರಿಯ ಪೊಟ್ಟಣ ಹರಿದು, ಎಣ್ಣೆಕಲೆಯ ಪಕ್ಕ ಬರೆದ:
ಡಿಸ್ಕಿಗೆ ಇಪ್ಪತ್ತೆರಡು.
ಬೋರ್ಡು, ಪ್ರೊಸೆಸರು, ಎಡಿಟಿಂಗಿನ ಕಾರ್ಡು, ಹದಿನೆಂಟು.
"ಬೇಡ ಅಂದರೂ ನೀವು ತರುವ ಹನ್ನೆರಡನೆಯದಕ್ಕೆ" ಎರಡು.
ಸ್ವಲ್ಪ ಉಸಿರಾಡಲು ಜಾಗ.
ಆರುನೂರೈವತ್ತು ಸಾಕು.

ಮೈಸೂರಿನಿಂದ ಬಂತು, ಬಸ್ಸಿನಲ್ಲಿ, ಡ್ರೈವರಿನ ಸೀಟಿನ ಹಿಂದೆ.
ಎತ್ತಿದರೆ ಜೇನು ತುಂಬಿದ ಡಬ್ಬಿಯ ಭಾರ.
"ಎಲ್ಲವೂ ಒಟ್ಟಿಗೆ ಏಳೋದು ಬೇಡ" ಎಂದು
ಮೊಯ್ದು ಸರದಿ ಇಟ್ಟ, ಒಂದಾದ ಮೇಲೊಂದು,
ಸಂಜೆ ಕಾಫಿಹಣ್ಣಿನ ಚೀಲ ಹೊತ್ತವರು
ತಕ್ಕಡಿಯ ಮುಂದೆ ನಿಲ್ಲುತ್ತಾರಲ್ಲ, ಹಾಗೆ.

ಕಿವಿಯಿಟ್ಟು ಎಣಿಸಿದೆ.
ನಾಲ್ಕು. ಐದು. ಆರು.
ಏಳು.
ಗಿರ್ ಅಂದಿತು. ನಿಲ್ಲಲಿಲ್ಲ.
ಟೇಪಿನ ಮೇಲೆ ಬೆರಳಿಟ್ಟೆ, ನಡುಗುತ್ತಿತ್ತು.

ಏಳರಲ್ಲಿದ್ದದ್ದು ಆ ಸೆಮಿಫೈನಲ್.
ಕೊನೆಯ ನಿಮಿಷ, ಬೆಳ್ಯಪ್ಪನ ಹೊಡೆತ,
ಚೆಂಡು ಗೆರೆ ದಾಟಿತು ಅಂತ ಅವನ ಒಕ್ಕ,
ಇಲ್ಲವೇ ಇಲ್ಲ ಅಂತ ಗೋಲಿ ಉತ್ತಯ್ಯನ ಒಕ್ಕ.
ನನ್ನ ಮೆಟ್ಟಿಲು ಸವೆದದ್ದು ಆ ವರ್ಷ.
ಹತ್ತಿ ಬಂದವರಿಗೆಲ್ಲ ಕೆಂಪು ಟೇಪು ತೋರಿಸಿ
ಚಹಾ ಕೊಟ್ಟು ಕಳಿಸಿದೆ.
ಬರಬರುತ್ತ ಕೇಳುವವರು ಕಡಿಮೆಯಾದರು.
ಹೋದ ಪುತ್ತರಿ ಕಳೆದು ಇಬ್ಬರೂ ಒಂದೇ ಜೀಪಿನಲ್ಲಿ ಬಂದರು,
ಬೆಳ್ಯಪ್ಪನ ಮಗಳ ಮದುವೆಗೆ ನನ್ನನ್ನು ಬುಕ್ ಮಾಡಲು.
ಹುಡುಗ ಉತ್ತಯ್ಯನ ತಮ್ಮನ ಮಗ.

ಮೊಯ್ದು ಹೋದ ಮೇಲೆ ನೋಡಿದೆ, ಒಂದೊಂದೇ ಫ್ರೇಮು.
ಚೆಂಡು ಎಲ್ಲಿತ್ತೆಂದು ಈಗ ನನಗೆ ಗೊತ್ತು.

ಮಾರನೆಯ ದಿನ ದುಡ್ಡಿಗೆ ಬಂದವನು
ಟೇಪಿನ ಅಂಚಿಗೆ ಉಗುರು ಹಾಕಿದ.
ಇರಲಿ ಬಿಡು ಅಂದೆ.
ತಿರುಗಲಿ ಅದರ ಕೆಳಗೆ ತನ್ನಷ್ಟಕ್ಕೆ,
ಕರೆಂಟಿಗೇನೂ ಈಗ ಬರವಿಲ್ಲ.